ಯೋಧರ ಓದು: ಜಿ.ಐ. ಬಿಲ್ಲಿನ ಎಂಬತ್ತು ವರ್ಷಗಳು

(ಕೂಟದ ಯುಗಾದಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಬೇವುಬೆಲ್ಲ ಹಂಚುವ ವೇದಿಕೆಯ ಮೇಲೆ ನಿಂತು ಸೈನ್ಯ, ಶಾಸನ, ಶುಲ್ಕ ಎಂಬ ಒಣ ವಿಷಯಗಳನ್ನು ಮಾತನಾಡುವುದು ಅಷ್ಟು ಉಚಿತವಲ್ಲವೆಂದು ನನಗೂ ಗೊತ್ತು. ದಾಸ ಸಾಹಿತ್ಯದ ಮೇಲೋ ವಿಜಯನಗರದ ಮೇಲೋ ಮಾತನಾಡಬಹುದಿತ್ತು. ಆದರೆ ಕಳೆದ ದೀಪಾವಳಿಯ ಊಟದ ಹೊತ್ತಿನಲ್ಲಿ ನಮ್ಮ ಕೂಟದ ಹಿರಿಯ ಸದಸ್ಯರೊಬ್ಬರು ನನ್ನನ್ನು ಮೂಲೆಗೆ ಕರೆದು, ಕೋಟಿನ ಜೇಬಿನಿಂದ ಮಡಿಸಿದ ಲಕೋಟೆಯೊಂದನ್ನು ತೆಗೆದರು. “ಮೇಷ್ಟ್ರೆ, ನೀವು ಕಾಲೇಜಿನಲ್ಲಿ ಇದ್ದವರು, ಇದನ್ನೊಮ್ಮೆ ನೋಡಿಕೊಡಿ” ಎಂದರು. ಅವರ ಮಗ ಅಮೆರಿಕದ ಭೂಸೈನ್ಯದಲ್ಲಿ ಎರಡು ಬಾರಿ ಸೇವೆ ಸಲ್ಲಿಸಿ ಹೊರಬಂದವನು. ಪದವಿಯ ಮೇಲಿನ ಓದು ಅರ್ಧಕ್ಕೆ ನಿಂತಿತ್ತು. ಲಕೋಟೆಯೊಳಗಿನ ಪತ್ರದ ತಾತ್ಪರ್ಯವಿಷ್ಟೆ: ನಿಮಗೆ ಉಳಿದಿದ್ದ ಆರು ತಿಂಗಳ ಸೌಲಭ್ಯ ಮುಗಿದಿದೆ. ಪಕ್ಕದಲ್ಲಿದ್ದ ಅವನ ತಾಯಿ, “ಓದೋದಕ್ಕೆ ಅಂತಲೇ ಅಲ್ಲವೆ ಅಣ್ಣ, ಅವನು ಸೇರಿದ್ದು?” ಎಂದರು. ಆ ಪತ್ರಕ್ಕೆ ಒಂದು ಇತಿಹಾಸವಿದೆ. ಅದನ್ನು ಹೇಳಲೆಂದೇ ಇಲ್ಲಿ ನಿಂತಿದ್ದೇನೆ.

ಯೋಧನಿಗೆ ಸಮಾಜ ಏನು ಕೊಡಬೇಕು ಎಂಬ ಪ್ರಶ್ನೆ ನಮಗೆ ಹೊಸದಲ್ಲ. ಕರ್ನಾಟಕದ ಊರೂರುಗಳ ವೀರಗಲ್ಲುಗಳನ್ನು ನೋಡಿದವರಿಗೆ ಕಲ್ನಾಡು, ನೆತ್ತರುಗೊಡಗೆ ಎಂಬ ಮಾತುಗಳು ಪರಿಚಿತ. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲು ಸುಮಾರು ಕ್ರಿ.ಶ. 890ರದು. ಯುದ್ಧದಲ್ಲಿ ಮಡಿದ ನಾಗತ್ತರನ ಬಳಿಕ ಅವನ ಸ್ಥಾನವನ್ನೂ ಭೂಮಿಯನ್ನೂ ಇರುಗನಿಗೆ ಕೊಟ್ಟ ವಿಷಯವನ್ನು ಅದು ಹೇಳುತ್ತದೆ. ಆ ಕಾಲದ ಕೊಡುಗೆ ಭೂಮಿ, ಅದೂ ಬಹುಮಟ್ಟಿಗೆ ಸತ್ತವನ ಮನೆಯವರಿಗೆ. ಬದುಕಿ ಬಂದ ಸಾಮಾನ್ಯ ಸಿಪಾಯಿಗೆ ವಿದ್ಯೆಯನ್ನು ಕೊಡುವ ಯೋಚನೆ ಇಪ್ಪತ್ತನೆಯ ಶತಮಾನದ್ದು. ಅದು ದೊಡ್ಡ ಪ್ರಮಾಣದಲ್ಲಿ ಕಾರ್ಯರೂಪಕ್ಕೆ ಬಂದದ್ದು ನಾವೀಗ ವಾಸಿಸುತ್ತಿರುವ ಈ ದೇಶದಲ್ಲಿ.

ಹಾಗೆಂದು ಅಮೆರಿಕದ ಸರ್ಕಾರ ಅದನ್ನು ಔದಾರ್ಯದಿಂದಲೇ ಮಾಡಿತೆಂದು ತಿಳಿಯಬಾರದು. ಭಯದ ಪಾಲೂ ದೊಡ್ಡದಿತ್ತು. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ 1924ರ ಶಾಸನವೊಂದು ಬೋನಸ್ ಘೋಷಿಸಿತು. ದೇಶದೊಳಗಿನ ಸೇವೆಗೆ ದಿನಕ್ಕೆ 1 ಡಾಲರ್, ಹೊರನಾಡಿನ ಸೇವೆಗೆ ದಿನಕ್ಕೆ 1.25 ಡಾಲರ್. ಆದರೆ ಬಹುತೇಕರ ಕೈಗೆ ಬಂದದ್ದು ಹಣವಲ್ಲ, 1945ರಲ್ಲಿ ಪಾವತಿಯಾಗುವ ಪ್ರಮಾಣಪತ್ರ. ಅಷ್ಟರಲ್ಲಿ ಮಹಾ ಆರ್ಥಿಕ ಕುಸಿತ ಬಂದಿತು. 1932ರ ಬೇಸಗೆಯಲ್ಲಿ ಕೆಲಸವಿಲ್ಲದ ಸಾವಿರಾರು ಮಾಜಿ ಸೈನಿಕರು, ಹಲವರು ಹೆಂಡತಿ ಮಕ್ಕಳೊಡನೆ, ವಾಷಿಂಗ್ಟನ್ನಿಗೆ ಬಂದು ಅನಕೋಸ್ಟಿಯಾ ನದಿಯ ಬಯಲಿನಲ್ಲಿ ಗುಡಿಸಲು ಹಾಕಿದರು. ಜುಲೈ 28ರಂದು ಜನರಲ್ ಮೆಕಾರ್ಥರ್ ನೇತೃತ್ವದ ಸೈನ್ಯ ಅಶ್ವದಳ, ಟ್ಯಾಂಕು, ಅಶ್ರುವಾಯುಗಳೊಡನೆ ಅವರನ್ನು ಓಡಿಸಿತು. ಗುಡಿಸಲುಗಳು ಹೊತ್ತಿ ಉರಿದವು. ತನ್ನದೇ ಸೈನ್ಯ ತನ್ನದೇ ಹಳೆಯ ಯೋಧರ ಮೇಲೆ ಏರಿ ಹೋದ ಆ ದೃಶ್ಯವನ್ನು ದೇಶ ಮರೆಯಲಿಲ್ಲ. ಎರಡನೆಯ ಮಹಾಯುದ್ಧ ನಡೆಯುತ್ತಿರುವಾಗಲೇ, 1 ಕೋಟಿ 60 ಲಕ್ಷ ಜನ ಸಮವಸ್ತ್ರ ಕಳಚಿ ಮನೆಗೆ ಬಂದರೆ ಗತಿಯೇನು ಎಂಬ ಚಿಂತೆ ಆಳುವವರನ್ನು ಕಾಡತೊಡಗಿತು.

ನಮ್ಮವರೆನ್ನಬಹುದಾದ ಒಬ್ಬ ಯೋಧನ ಕಥೆಯನ್ನು ಇಲ್ಲಿ ನೆನೆಯಬೇಕು. ಪಂಜಾಬಿನ ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿ, ಪೇಟ ಧರಿಸಿಯೇ ಸೇವೆ ಸಲ್ಲಿಸಿ, 1918ರಲ್ಲಿ ಗೌರವಯುತವಾಗಿ ಬಿಡುಗಡೆ ಪಡೆದವರು. ಆದರೂ 1923ರಲ್ಲಿ ಸುಪ್ರೀಂ ಕೋರ್ಟು, ಭಾರತೀಯನು ಕಾನೂನಿನ ಅರ್ಥದಲ್ಲಿ ಬಿಳಿಯನಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹನಲ್ಲ ಎಂದು ತೀರ್ಪಿತ್ತಿತು. ಅವರಿಗೆ ಕೊನೆಗೂ ಪೌರತ್ವ ದಕ್ಕಿದ್ದು 1936ರಲ್ಲಿ. ಆ ಯುದ್ಧದ ಯೋಧರಿಗೆ ಜನಾಂಗದ ಅಡ್ಡಿಯಿಲ್ಲದೆ ಪೌರತ್ವ ಕೊಡುವ 1935ರ ಶಾಸನದ ಬಲದಿಂದ. ಈ ದೇಶದಲ್ಲಿ ಸಮವಸ್ತ್ರಕ್ಕೂ ಹಕ್ಕಿಗೂ ಇರುವ ನಂಟು ಅಷ್ಟು ಹಳೆಯದು.

ಇನ್ನು ಮುಖ್ಯ ಕಥೆಗೆ ಬರೋಣ. ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಸ್ಥೆಯ ಪರವಾಗಿ ಕ್ಯಾನ್ಸಸ್ ರಾಜ್ಯದ ಟೊಪೀಕಾದ ವಕೀಲ ಹ್ಯಾರಿ ಕೋಲ್ಮರಿ ವಾಷಿಂಗ್ಟನ್ನಿನ ಮೇಫ್ಲವರ್ ಹೋಟೆಲಿನಲ್ಲಿ ಕುಳಿತು, ಹೋಟೆಲಿನ ಕಾಗದಗಳ ಮೇಲೆಯೇ ಮಸೂದೆಯನ್ನು ಕೈಬರಹದಲ್ಲಿ ಬರೆದರು. ಉಭಯ ಸದನಗಳೂ ಅದನ್ನು ಒಪ್ಪಿದವು. ಆದರೆ ಭೇದಗಳನ್ನು ಸರಿಪಡಿಸುವ ಜಂಟಿ ಸಮಿತಿಯಲ್ಲಿ ಮಸೂದೆ ಸಿಕ್ಕಿಹಾಕಿಕೊಂಡಿತು. ಮಿಸಿಸಿಪಿಯ ಜಾನ್ ರ‍್ಯಾಂಕಿನ್, ಕರಿಯ ಯೋಧರಿಗೂ ನಿರುದ್ಯೋಗ ಭತ್ಯೆ ಸಿಗುವುದನ್ನು ಸಹಿಸಲಾರದೆ ಅಡ್ಡಗಾಲು ಹಾಕಿದ್ದರು. ಗಂಟು ಬಿಡಿಸಲು ಒಂದು ಮತ ಬೇಕಾಗಿತ್ತು. ಆ ಮತದ ಒಡೆಯ ಜಾನ್ ಗಿಬ್ಸನ್ ಕಾಯಿಲೆಯಿಂದ ಜಾರ್ಜಿಯಾದ ತಮ್ಮ ಮನೆಯಲ್ಲಿದ್ದರು. ರಾತ್ರೋರಾತ್ರಿ ಅವರನ್ನು ಪತ್ತೆಹಚ್ಚಿ, ಕಾರಿನಲ್ಲಿ ಫ್ಲೋರಿಡಾದ ಜಾಕ್ಸನ್‌ವಿಲ್ಲಿಗೆ ಒಯ್ದು, ವಿಮಾನದಲ್ಲಿ ವಾಷಿಂಗ್ಟನ್ನಿಗೆ ತಂದು ಮತ ಹಾಕಿಸಿದರು. ಅದಾದ ಕೆಲವೇ ದಿನಗಳಲ್ಲಿ, 1944ರ ಜೂನ್ 22ರಂದು, ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದರು. ನಾರ್ಮಂಡಿಯ ದಂಡೆಯಲ್ಲಿ ಸೈನ್ಯ ಇಳಿದು ಆಗಿನ್ನೂ ಹದಿನಾರೇ ದಿನಗಳಾಗಿದ್ದವು.

ಆ ಶಾಸನದ ಶಿಕ್ಷಣ ಭಾಗ ಓದಲು ಸರಳ. ಕನಿಷ್ಠ 90 ದಿನ ಸೇವೆ ಮಾಡಿದವನಿಗೆ ಒಂದು ವರ್ಷದ ಓದು, ಅದರ ಮೇಲೆ ಸೇವೆಯ ಅವಧಿಗೆ ಸಮನಾದ ಓದು, ಒಟ್ಟು ನಾಲ್ಕು ವರ್ಷ ಮೀರದಂತೆ. ಕಾಲೇಜಿಗೆ ವರ್ಷಕ್ಕೆ 500 ಡಾಲರ್ ತನಕ ಸರ್ಕಾರವೇ ನೇರವಾಗಿ ಕಟ್ಟುತ್ತಿತ್ತು. ಆಗ ಹಾರ್ವರ್ಡಿನ ಶುಲ್ಕವೇ ವರ್ಷಕ್ಕೆ ಸುಮಾರು 400 ಡಾಲರ್ ಇತ್ತೆಂದರೆ ಈ ಮೊತ್ತದ ತೂಕ ತಿಳಿದೀತು. ಜೀವನ ನಿರ್ವಹಣೆಗೆ ಒಂಟಿಯಾಗಿದ್ದವನಿಗೆ ತಿಂಗಳಿಗೆ 50 ಡಾಲರ್, ಸಂಸಾರಸ್ಥನಿಗೆ 75 ಡಾಲರ್. ಯಾವ ಕಾಲೇಜು, ಯಾವ ವಿಷಯ ಎಂಬುದು ಯೋಧನ ಇಷ್ಟ.

ಆಯ್ಕೆಯ ತೊಡಕು ಅಂದೇ ಇತ್ತು ಎಂಬುದನ್ನು ಬಹಳ ಜನ ಗಮನಿಸಿಲ್ಲ. ಇದಕ್ಕೆ ಒಂದು ವರ್ಷ ಮೊದಲು, 1943ರಲ್ಲಿ, ಯುದ್ಧದಲ್ಲಿ ಅಂಗವಿಕಲರಾದವರ ಪುನರ್ವಸತಿಗೆ ಬೇರೊಂದು ಶಾಸನವಾಗಿತ್ತು. ಅದರಲ್ಲಿ ಶುಲ್ಕಕ್ಕೆ 500 ಡಾಲರಿನ ಮಿತಿಯಿರಲಿಲ್ಲ. ಆದರೆ ನೀನು ಏನನ್ನು ಓದಬೇಕೆಂಬುದನ್ನು ಸಲಹೆಗಾರ ಅಧಿಕಾರಿ ಒಪ್ಪಬೇಕಾಗಿತ್ತು. ಗಾಯಗೊಂಡು ಬಂದ ಇಪ್ಪತ್ತೆರಡರ ಹುಡುಗ ಹೆಚ್ಚು ಹಣ ಮತ್ತು ಕಡಿಮೆ ಸ್ವಾತಂತ್ರ್ಯ, ಕಡಿಮೆ ಹಣ ಮತ್ತು ಪೂರ್ಣ ಸ್ವಾತಂತ್ರ್ಯ ಇವೆರಡರ ನಡುವೆ ಒಂದನ್ನು ಆರಿಸಬೇಕಾಗಿತ್ತು. ಈ ಎರಡು ದಾರಿಗಳು ಬೇರೆ ಹೆಸರುಗಳಲ್ಲಿ ಇಂದಿಗೂ ಇವೆ.

ವಿದ್ವಾಂಸರಿಗೆ ಈ ಯೋಜನೆ ಹಿಡಿಸಲಿಲ್ಲ. ಷಿಕಾಗೊ ವಿಶ್ವವಿದ್ಯಾನಿಲಯದ ರಾಬರ್ಟ್ ಹಚಿನ್ಸ್, ಹಾರ್ವರ್ಡಿನ ಜೇಮ್ಸ್ ಕೊನಾಂಟ್ ಮೊದಲಾದವರು, ಓದುವ ಯೋಗ್ಯತೆಯಿಲ್ಲದವರೆಲ್ಲ ಬಂದು ತುಂಬಿಕೊಂಡು ವಿದ್ಯೆಯ ಮಟ್ಟವೇ ಕುಸಿದೀತೆಂದು ಎಚ್ಚರಿಸಿದರು. ಇಂಥ ಮಾತನ್ನು ನಾವು ಮೈಸೂರಿನಲ್ಲಿಯೂ ಕೇಳಿದ್ದೇವೆ; ಬಾಗಿಲು ಅಗಲವಾದಾಗಲೆಲ್ಲ ಒಳಗಿದ್ದವರು ಆಡುವ ಮಾತು ಅದು. ಆದದ್ದೇನು? ಯುದ್ಧ ಕಂಡು ಬಂದವರು ತರಗತಿಯ ಅತ್ಯಂತ ಗಂಭೀರ ವಿದ್ಯಾರ್ಥಿಗಳಾದರು, ಕೊನಾಂಟರೇ ಅದನ್ನು ಒಪ್ಪಿಕೊಂಡರು. 1947ರಲ್ಲಿ ಕಾಲೇಜು ಸೇರಿದವರಲ್ಲಿ ಶೇಕಡ 49 ಜನ ಮಾಜಿ ಯೋಧರಾಗಿದ್ದರು. 1956ರಲ್ಲಿ ಯೋಜನೆ ಮುಗಿಯುವ ವೇಳೆಗೆ 78 ಲಕ್ಷ ಜನ ಅದರಡಿ ಓದಿದ್ದರು ಅಥವಾ ಕಸುಬು ಕಲಿತಿದ್ದರು. ಅವರಲ್ಲಿ ಕಾಲೇಜಿಗೆ ಹೋದವರು 22 ಲಕ್ಷ. ಉಳಿದವರು ಕಸುಬು ಶಾಲೆ, ಕಾರ್ಖಾನೆಯ ತರಬೇತಿ, ಬೇಸಾಯದ ಶಿಕ್ಷಣ ಆರಿಸಿಕೊಂಡವರು. ಜಿ.ಐ. ಬಿಲ್ ಎಂದರೆ ಕಾಲೇಜು ಎಂದೇ ನಾವು ಭಾವಿಸುತ್ತೇವೆ. ಅಂಕಿಗಳು ಬೇರೆಯೇ ಹೇಳುತ್ತವೆ.

ಷಿಕಾಗೊ ಕಡೆಯವರು ಊರಿನಿಂದ ಅಪ್ಪ ಅಮ್ಮ ಬಂದಾಗ ನೇವಿ ಪಿಯರಿಗೆ ಕರೆದೊಯ್ದು ದೊಡ್ಡ ಚಕ್ರದಲ್ಲಿ ಕೂರಿಸುವುದು ವಾಡಿಕೆ. 1946ರ ಅಕ್ಟೋಬರಿನಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯ ಆ ಹಡಗುಕಟ್ಟೆಯ ಮೇಲೆಯೇ ಎರಡು ವರ್ಷದ ಕಾಲೇಜೊಂದನ್ನು ತೆರೆಯಿತು. ಮೊದಲ ತಂಡದಲ್ಲಿ ಸುಮಾರು 4,000 ವಿದ್ಯಾರ್ಥಿಗಳು, ಬಹುಪಾಲು ಯೋಧರು. ಸರೋವರದ ಮೇಲಿನ ಚಳಿಗಾಳಿ, ಕೊನೆಯಿಲ್ಲದ ಓಣಿ, ಪಕ್ಕದಲ್ಲಿಯೇ ಸರಕು ಸಾಗಣೆ. ಆ ಕಾಲೇಜೇ 1965ರಲ್ಲಿ ಊರೊಳಗಿನ ಹೊಸ ಕಟ್ಟಡಗಳಿಗೆ ಹೋಗಿ, ಮುಂದೆ ಷಿಕಾಗೊದ ಇಲಿನಾಯ್ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯ ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರ ವಸತಿಯನ್ನು ಸಂಸಾರಸ್ಥ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟಿತು. ರಾಜ್ಯ ವಿಶ್ವವಿದ್ಯಾನಿಲಯಗಳು ಹೀಗೆ ಹಿಗ್ಗಿ ಬೆಳೆದದ್ದು ಆ ಹತ್ತು ಹದಿನೈದು ವರ್ಷಗಳಲ್ಲಿ. 1965ರ ವಲಸೆ ಶಾಸನದ ಬಳಿಕ ಸೂಟ್‌ಕೇಸು ಹಿಡಿದು ಬಂದ ನಮ್ಮ ಎಂಜಿನಿಯರುಗಳಿಗೆ ಪ್ರಯೋಗಾಲಯಗಳೂ ಪಾಠ ಹೇಳುವ ಪ್ರಾಧ್ಯಾಪಕರೂ ಸಿದ್ಧವಾಗಿದ್ದರೆ, ಅದರ ಹಿಂದೆ ಈ ಶಾಸನದ ಋಣವೂ ಇದೆ ಎಂದೇ ನನ್ನ ಅಭಿಪ್ರಾಯ.

ಎಲ್ಲರಿಗೂ ಸಮನಾಗಿ ದಕ್ಕಿತೆಂದಲ್ಲ. ಶಾಸನದ ಅಕ್ಷರದಲ್ಲಿ ಬಣ್ಣದ ಭೇದವಿರಲಿಲ್ಲ. ಆದರೆ ಅದನ್ನು ನಡೆಸುವ ಅಧಿಕಾರ ಸ್ಥಳೀಯರ ಕೈಯಲ್ಲಿತ್ತು. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಕಾಲೇಜುಗಳು ಕರಿಯ ಯೋಧರಿಗೆ ಮುಚ್ಚಿದ್ದವು, ಅವರಿಗಿದ್ದ ಕೆಲವೇ ಕಾಲೇಜುಗಳಲ್ಲಿ ಜಾಗವಿರಲಿಲ್ಲ. ನೀಲಿ ಕಾಗದದ ಮೇಲೆ ಕೊಡುತ್ತಿದ್ದ ಒಂದು ಬಗೆಯ ಬಿಡುಗಡೆಪತ್ರವಿತ್ತು: ಗೌರವದ್ದೂ ಅಲ್ಲ, ಅಗೌರವದ್ದೂ ಅಲ್ಲ. ಅದು ಕರಿಯ ಸೈನಿಕರ ಮತ್ತು ಸಲಿಂಗಿಗಳೆಂದು ಶಂಕಿಸಲಾದವರ ಪಾಲಿಗೆ ಹೆಚ್ಚಾಗಿ ಬಂತು. ಅಂಥ ಪತ್ರವಿದ್ದವರ ಅರ್ಜಿಗಳನ್ನು ಇಲಾಖೆ ಬಹಳ ಮಟ್ಟಿಗೆ ತಳ್ಳಿಹಾಕಿತು. ಎಲ್ಲ ಎಡರುಗಳ ನಡುವೆಯೂ ಓದಿದವರಿದ್ದರು. ನಾರ್ಮಂಡಿಯಿಂದ ಮರಳಿದ ಮೆಡ್ಗರ್ ಎವರ್ಸ್ ಮಿಸಿಸಿಪಿಯ ಆಲ್ಕಾರ್ನ್ ಕಾಲೇಜಿನಲ್ಲಿ ಓದಿ ಮುಂದೆ ನಾಗರಿಕ ಹಕ್ಕುಗಳ ಹೋರಾಟದ ನಾಯಕರಾದರು.

ಮೊದಲ ಶಾಸನದ ಉದಾರತೆಯೇ ಅದರ ದೋಷಕ್ಕೂ ಕಾರಣವಾಯಿತು. ಸರ್ಕಾರದ ಹಣ ನೇರವಾಗಿ ಶಾಲೆಗೆ ಹೋಗುತ್ತದೆಂದ ಮೇಲೆ ಅದಕ್ಕಾಗಿಯೇ ಶಾಲೆಗಳು ಹುಟ್ಟಿಕೊಂಡವು. ಶುಲ್ಕ ಏರಿತು, ಹಾಜರಿ ಪುಸ್ತಕದಲ್ಲಿ ಇಲ್ಲದವರ ಹೆಸರು ಸೇರಿತು. ಟೆಕ್ಸಸ್ಸಿನ ಓಲಿನ್ ಟೀಗ್ ಅಧ್ಯಕ್ಷತೆಯ ಸಮಿತಿ ಇದನ್ನೆಲ್ಲ ಬಯಲಿಗೆಳೆಯಿತು. ಆದ್ದರಿಂದ ಕೊರಿಯಾ ಯುದ್ಧದವರಿಗಾಗಿ 1952ರಲ್ಲಿ ಮಾಡಿದ ಶಾಸನ ಹಣವನ್ನು ಯೋಧನ ಕೈಗೇ ಕೊಟ್ಟಿತು. ಒಂಟಿಯಾದವನಿಗೆ ತಿಂಗಳಿಗೆ 110 ಡಾಲರ್. ಶುಲ್ಕ, ಪುಸ್ತಕ, ಊಟ ಎಲ್ಲವೂ ಅದರಲ್ಲಿಯೇ. ಗರಿಷ್ಠ ಅವಧಿ 48 ತಿಂಗಳಿಂದ 36ಕ್ಕೆ ಇಳಿಯಿತು. ವಂಚನೆ ತಗ್ಗಿತು, ಜೊತೆಗೆ ದುಬಾರಿ ಖಾಸಗಿ ಕಾಲೇಜುಗಳೂ ಯೋಧನ ಕೈಗೆಟುಕದಂತಾದವು. ಹಣ ಯಾರ ಕೈಗೆ ಹೋಗಬೇಕೆಂಬ ಈ ಜಗ್ಗಾಟ ಅಲ್ಲಿಂದ ಇಲ್ಲಿಯವರೆಗೂ ಮುಗಿದಿಲ್ಲ.

ವಿಯೆಟ್ನಾಂ ಕಾಲದ 1966ರ ಶಾಸನ ತಿಂಗಳಿಗೆ 100 ಡಾಲರಿನಿಂದ ಆರಂಭವಾಯಿತು, ಹದಿನಾಲ್ಕು ವರ್ಷಗಳ ಹಿಂದಿನ ದರಕ್ಕಿಂತಲೂ ಕಡಿಮೆ. ಕಡ್ಡಾಯ ಸೇನಾಭರ್ತಿ ನಿಂತ ಮೇಲೆ, 1977ರಿಂದ ಸೇರಿದವರಿಗೆ ಉಳಿತಾಯದ ಯೋಜನೆಯೊಂದು ಬಂತು. ಸೈನಿಕ ಗರಿಷ್ಠ 2,700 ಡಾಲರ್ ಕಟ್ಟಿದರೆ ಸರ್ಕಾರ ಅದರ ಎರಡು ಪಟ್ಟು ಸೇರಿಸುವುದು. ಅದು ಯಾರನ್ನೂ ಹೆಚ್ಚು ಆಕರ್ಷಿಸಲಿಲ್ಲ.

1984ರಲ್ಲಿ ಮಿಸಿಸಿಪಿಯ ಪ್ರತಿನಿಧಿ ಸನ್ನಿ ಮಾಂಟ್ಗೊಮರಿ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಹೊಸ ಜಿ.ಐ. ಬಿಲ್ ಬಂದಿತು. 1985ರ ಜುಲೈಯಿಂದ ಜಾರಿಯಾದ ಅದರ ಸ್ವರೂಪವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನಮ್ಮ ಲಕೋಟೆಯ ಕಥೆ ಇಲ್ಲಿಂದಲೇ ಆರಂಭವಾಗುತ್ತದೆ. ಸೈನ್ಯಕ್ಕೆ ಸೇರಿದ ಹೊಸದರಲ್ಲಿಯೇ ಹುಡುಗನ ಮುಂದೆ ಒಂದು ಕಾಗದ ಬರುತ್ತಿತ್ತು. ಬೇಡವೆಂದು ಬರೆದುಕೊಡದಿದ್ದರೆ ಮೊದಲ ಹನ್ನೆರಡು ತಿಂಗಳ ಸಂಬಳದಲ್ಲಿ ತಿಂಗಳಿಗೆ 100 ಡಾಲರಿನಂತೆ 1,200 ಡಾಲರ್ ಕಡಿತವಾಗುತ್ತಿತ್ತು. ಬೇಡವೆಂದರೆ ಆ ಬಾಗಿಲು ಮುಚ್ಚಿದಂತೆಯೇ. ತಲೆ ಬೋಳಿಸಿಕೊಂಡು, ನಿದ್ದೆಗೆಟ್ಟು, ಗದರಿಕೆಯ ನಡುವೆ ನಿಂತಿರುವ ಹದಿನೆಂಟರ ಹುಡುಗ, ಐದಾರು ವರ್ಷಗಳ ಮುಂದಿನ ಓದಿನ ಬಗ್ಗೆ ಆ ಗಳಿಗೆಯಲ್ಲಿ ತೀರ್ಮಾನಿಸಬೇಕಾಗಿತ್ತು. ಶಾಸನ ಮಾಡಿದವರು ಸೇನಾ ಶಿಬಿರದ ಮೊದಲ ವಾರವನ್ನು ಮರೆತಿದ್ದರೆಂದೇ ತೋರುತ್ತದೆ.

2001ರ ಸೆಪ್ಟೆಂಬರ್ 11ರ ನಂತರದ ಯುದ್ಧಗಳು ಆ ಹಳೆಯ ಏರ್ಪಾಡು ಸಾಲದೆಂದು ತೋರಿಸಿದವು. ವಿಯೆಟ್ನಾಂ ಯೋಧರೂ ವರ್ಜೀನಿಯಾದ ಸೆನೆಟರರೂ ಆಗಿದ್ದ ಜಿಮ್ ವೆಬ್ ಮಂಡಿಸಿದ ಮಸೂದೆಗೆ 2008ರ ಜೂನ್ 30ರಂದು ಸಹಿ ಬಿದ್ದು, 2009ರ ಆಗಸ್ಟ್ 1ರಿಂದ ಅದು ಜಾರಿಗೆ ಬಂದಿತು. 36 ತಿಂಗಳ ಸೇವೆಯಾದವನಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾನಿಲಯದ ಪೂರ್ಣ ಶುಲ್ಕ, ಶಾಲೆಯಿರುವ ಊರಿನ ದರದಂತೆ ಮನೆ ಬಾಡಿಗೆ ಭತ್ಯೆ, ಪುಸ್ತಕಕ್ಕೆ ವರ್ಷಕ್ಕೆ 1,000 ಡಾಲರ್ ತನಕ. ಶುಲ್ಕ ಶಾಲೆಗೆ, ಭತ್ಯೆ ಯೋಧನಿಗೆ. 1944ರ ಪದ್ಧತಿಯೇ ಹಿಂತಿರುಗಿ ಬಂದಿತೆನ್ನಬಹುದು. ಸೇವೆಯಲ್ಲಿರುವಾಗಲೇ ಅರ್ಜಿ ಹಾಕಿ, ಆರು ವರ್ಷ ಸೇವೆಯ ಮೇಲೆ ಇನ್ನೂ ನಾಲ್ಕು ವರ್ಷ ಉಳಿಯುವುದಾಗಿ ಒಪ್ಪಿದರೆ ಸೌಲಭ್ಯವನ್ನು ಹೆಂಡತಿ ಮಕ್ಕಳಿಗೆ ವರ್ಗಾಯಿಸಲೂ ಅವಕಾಶವಾಯಿತು. ಬಿಡುಗಡೆಯಾದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ನಮ್ಮ ಮಕ್ಕಳಲ್ಲಿ ಸೇವೆಯಲ್ಲಿರುವವರು ಇದೊಂದನ್ನಾದರೂ ಗುರುತು ಹಾಕಿಕೊಳ್ಳಲಿ.

ಹೊಸದು ಬಂದಿತು, ಹಳೆಯದು ಹೋಗಲಿಲ್ಲ. ಎರಡಕ್ಕೂ ಅರ್ಹನಾದವನು ಹಳೆಯದನ್ನು ಬಿಟ್ಟುಕೊಟ್ಟು ಹೊಸದನ್ನು ಆರಿಸಬೇಕು, ಆ ಆಯ್ಕೆಯನ್ನು ಮತ್ತೆ ಬದಲಿಸುವಂತಿಲ್ಲ ಎಂದು ಇಲಾಖೆ ನಡೆಸಿಕೊಂಡು ಬಂತು. ಇಲ್ಲಿ ಒಂದು ವಿಚಿತ್ರ ಲೆಕ್ಕ ಅಡಗಿತ್ತು. ಒಂದೊಂದು ಯೋಜನೆಗೆ 36 ತಿಂಗಳು. ಎಲ್ಲ ಯೋಜನೆಗಳೂ ಸೇರಿ 48 ತಿಂಗಳು ಮೀರಬಾರದು. ಹಳೆಯ ಯೋಜನೆಯ 36 ತಿಂಗಳನ್ನೂ ಮುಗಿಸಿಯೇ ಹೊಸದಕ್ಕೆ ಬಂದವನಿಗೆ 12 ತಿಂಗಳು ಸಿಗುತ್ತಿತ್ತು. ಆದರೆ 30 ತಿಂಗಳು ಮುಗಿಸಿ, ಹೊಸದರಲ್ಲಿ ಹಣ ಹೆಚ್ಚೆಂದು ನಡುವೆ ಬದಲಾಯಿಸಿದವನಿಗೆ ಉಳಿದ 6 ತಿಂಗಳು ಮಾತ್ರ! ನಮ್ಮ ಹುಡುಗ ಮಾಡಿದ್ದು ಇದನ್ನೇ. ಮೊದಲ ಸೇವೆಯ ಹಳೆಯ ಸೌಲಭ್ಯದಲ್ಲಿ 30 ತಿಂಗಳು ಓದಿ ಎಂಜಿನಿಯರಿಂಗ್ ಪದವಿ ಪಡೆದ. ಮತ್ತೆ ಅಧಿಕಾರಿಯಾಗಿ ಸೇರಿ ನಾಲ್ಕು ವರ್ಷ ಸೇವೆ ಮಾಡಿದ. ಹೊರಬಂದು, ಬಲ್ಲವರೊಬ್ಬರು ಹೊಸದೇ ಒಳ್ಳೆಯದೆಂದದ್ದನ್ನು ನಂಬಿ, ಕಾಗದಕ್ಕೆ ಸಹಿ ಹಾಕಿದ. ಸಲಹೆ ಕೊಟ್ಟವರು ಮೋಸ ಮಾಡಲಿಲ್ಲ. ತಿಂಗಳ ಹಣವನ್ನು ನೋಡಿದರೆ ಅವರ ಮಾತು ನಿಜವೇ. ಅವರು ತಿಂಗಳುಗಳನ್ನು ಎಣಿಸಲಿಲ್ಲ, ಅಷ್ಟೆ.

ಇದೇ ಲೆಕ್ಕವನ್ನು ನ್ಯಾಯಾಲಯದ ಮುಂದಿಟ್ಟವರು ಜೇಮ್ಸ್ ರೂಡಿಸಿಲ್ ಎಂಬ ಭೂಸೈನ್ಯದ ಯೋಧ. 2000ದಿಂದ 2011ರ ನಡುವೆ ಮೂರು ಬೇರೆ ಬೇರೆ ಅವಧಿಗಳಲ್ಲಿ ಸೇವೆ ಸಲ್ಲಿಸಿದವರು. ಹಳೆಯ ಯೋಜನೆಯಲ್ಲಿ 25 ತಿಂಗಳು 14 ದಿನ ಓದಿದ್ದರು. ಸೈನ್ಯದಲ್ಲಿ ಧರ್ಮಗುರುವಾಗಬೇಕೆಂದು ಯೇಲ್ ವಿಶ್ವವಿದ್ಯಾನಿಲಯದಲ್ಲಿ ಧರ್ಮಶಾಸ್ತ್ರ ಓದಲು ಹೊರಟಾಗ ಇಲಾಖೆ, ನಿಮಗೆ ಉಳಿದಿರುವುದು 10 ತಿಂಗಳು 16 ದಿನ ಮಾತ್ರ ಎಂದಿತು. ಎರಡು ಸೇವಾವಧಿಗಳಿಗೆ ಎರಡು ಪ್ರತ್ಯೇಕ ಹಕ್ಕುಗಳು ನನಗಿವೆ, 48 ತಿಂಗಳ ಮಿತಿಯೊಂದೇ ನನಗೆ ಅನ್ವಯಿಸಬೇಕು, ಆದ್ದರಿಂದ ನನಗೆ 22 ತಿಂಗಳು 16 ದಿನ ಬರಬೇಕೆಂಬುದು ಅವರ ವಾದ. ಕೆಳಗಿನ ನ್ಯಾಯಾಲಯಗಳಲ್ಲಿ ಒಮ್ಮೆ ಗೆದ್ದು ಒಮ್ಮೆ ಸೋತು, 2024ರ ಏಪ್ರಿಲ್ 16ರಂದು ಸುಪ್ರೀಂ ಕೋರ್ಟಿನಲ್ಲಿ ಏಳಕ್ಕೆ ಎರಡು ಮತಗಳಿಂದ ಗೆದ್ದರು. ನ್ಯಾಯಮೂರ್ತಿ ಕೆಟಾಂಜಿ ಬ್ರೌನ್ ಜ್ಯಾಕ್ಸನ್ ಬರೆದ ತೀರ್ಪಿನ ಸಾರ ಇಷ್ಟು: ಪ್ರತ್ಯೇಕ ಸೇವಾವಧಿಗಳಿಂದ ಎರಡೂ ಹಕ್ಕುಗಳನ್ನು ಗಳಿಸಿದವನು ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕಾಗಿಲ್ಲ. 48 ತಿಂಗಳ ಮಿತಿಯೊಳಗೆ, ತನಗೆ ಬೇಕಾದ ಕ್ರಮದಲ್ಲಿ, ಎರಡನ್ನೂ ಬಳಸಬಹುದು.

ಈ ನಡುವೆ 2017ರಲ್ಲಿ ಬಂದ ತಿದ್ದುಪಡಿಗೆ ಆ ಹೋಟೆಲು ಕಾಗದದ ಹ್ಯಾರಿ ಕೋಲ್ಮರಿಯವರ ಹೆಸರನ್ನೇ ಇಟ್ಟರು. 2013ರ ಜನವರಿ 1ರಂದು ಅಥವಾ ಆಮೇಲೆ ಬಿಡುಗಡೆಯಾದವರು ಹೊಸ ಯೋಜನೆಯ ಸೌಲಭ್ಯವನ್ನು ಹದಿನೈದು ವರ್ಷಗಳೊಳಗೆ ಬಳಸಬೇಕೆಂಬ ಕಟ್ಟಳೆ ಅದರಿಂದ ತೊಲಗಿತು. 1943ರ ಪುನರ್ವಸತಿ ಶಾಸನದ ಇಂದಿನ ರೂಪದಲ್ಲಿಯೂ ಒಂದು ಬದಲಾವಣೆಯಾಗಿದೆ. ಸೇವೆಯಿಂದ ಅಂಗವೈಕಲ್ಯ ಉಂಟಾದವರು ಮೊದಲು ಆ ಯೋಜನೆಯಲ್ಲಿ ಓದಿದರೆ, 2021ರಿಂದ ಆ ತಿಂಗಳುಗಳನ್ನು ಜಿ.ಐ. ಬಿಲ್ಲಿನ ಲೆಕ್ಕದಲ್ಲಿ ಕಳೆಯುವುದಿಲ್ಲ. ಹಿಂದುಮುಂದಾದರೆ ಲೆಕ್ಕವೂ ಬೇರೆಯಾಗುತ್ತದೆ. ಯಾವುದನ್ನು ಆರಿಸಬೇಕು ಎಂಬುದರಷ್ಟೇ ಯಾವುದನ್ನು ಮೊದಲು ಬಳಸಬೇಕು ಎಂಬುದೂ ಮುಖ್ಯವೆಂದು ನಾನು ಹೇಳುವುದು ಇದಕ್ಕಾಗಿ.

ಲಕೋಟೆಯ ವಿಷಯಕ್ಕೆ ಹಿಂತಿರುಗುತ್ತೇನೆ. ಮರುವಾರ ಆ ದಂಪತಿಗಳ ಊಟದ ಮೇಜಿನ ಮೇಲೆ ಮಗನ ಎರಡೂ ಬಿಡುಗಡೆಪತ್ರಗಳನ್ನು ಹರಡಿಕೊಂಡು ಕುಳಿತೆವು. ಮೊದಲನೆಯದು ಸಿಗಲು ಅರ್ಧ ಗಂಟೆ ಹಿಡಿಯಿತು; ತಾಯಿ ಅದನ್ನು ಮಗನ ಜಾತಕದ ಜೊತೆಗೆ ಇಟ್ಟಿದ್ದರು. ಎರಡರ ನಡುವೆ ಮೂರು ವರ್ಷಗಳ ಅಂತರವಿತ್ತು, ಎರಡೂ ಪೂರ್ಣ ಸೇವಾವಧಿಗಳು. ನಲವತ್ತೆಂಟರಲ್ಲಿ ಮೂವತ್ತಾರು ಕಳೆದರೆ ಹನ್ನೆರಡು. ತಂದೆ ಅದನ್ನು ಲಕೋಟೆಯ ಹಿಂಬದಿಯಲ್ಲಿ ಬರೆದು, ಕೆಳಗೆ ಗೆರೆ ಎಳೆದು, ಮಗನಿಗೆ ಫೋನು ಮಾಡಿದರು. ಅವನು ಹೊಸ ತೀರ್ಪಿನಂತೆ ಮರುಪರಿಶೀಲನೆ ಕೋರಿ ಅರ್ಜಿ ಸಲ್ಲಿಸಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.

ತಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ಕಾಗದಗಳಿದ್ದರೆ ಊಟದ ನಂತರ ನಾನು ಇಲ್ಲಿಯೇ, ಹಿಂದಿನ ಸಾಲಿನ ಮೇಜಿನ ಬಳಿ ಇರುತ್ತೇನೆ.